ಹಗ್ಗ ಮುಟ್ಟಿದವರ ಪಾಲು

ಬೆಳಂಬಾರದ ಅಂಗನವಾಡಿಯ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ತಿನ್ನಲು ಬಿಡುತ್ತಿದ್ದರು, ಅಳಲು ಬಿಡುತ್ತಿದ್ದರು, ಪಕ್ಕದವರನ್ನು ಕಚ್ಚಲು ಸಹ ಬಿಡುತ್ತಿದ್ದರು. ಆದರೆ ಕಾರ್ಯಕರ್ತೆ ಮಂದಾಕಿನಿ ಗೋಡೆಯ ಚಾರ್ಟಿಗೆ ಕೋಲು ಮುಟ್ಟಿಸಿ "ಎಲ್ಲರೂ ಹೇಳಿ ನೋಡೋಣ" ಅಂದಳೋ, ಅಷ್ಟೂ ತುಟಿಗಳು ಒಟ್ಟಿಗೆ ಮುಚ್ಚಿಕೊಳ್ಳುತ್ತಿದ್ದವು.

ಚಾರ್ಟನ್ನು ಕಾರವಾರದ ತರಬೇತಿಯಲ್ಲಿ ಕೊಟ್ಟಿದ್ದರು. ಅದರಲ್ಲಿ ಉಣ್ಣೆಯ ಟೋಪಿ ಹಾಕಿದ ಕರಡಿ ಇತ್ತು, ಹಿಮದ ಗುಡ್ಡ ಇತ್ತು, ಒಂದೊಂದು ಚಿತ್ರದ ಕೆಳಗೆ ಒಂದೊಂದು ಪದ್ಯ ಇತ್ತು. ವರ್ಷವಿಡೀ ಬೆವರುವ ಕಡಲ ದಂಡೆಯ ಮಕ್ಕಳಿಗೆ ಉಣ್ಣೆಯ ಟೋಪಿ ಯಾಕೆ ಎಂದು ಬರೆದವರನ್ನೇ ಕೇಳಬೇಕು. ಸಹಾಯಕಿ ರೂಪಾಲಿ ಮಾತ್ರ ದಿನಾ ಆ ಕರಡಿಯ ಧೂಳು ಒರೆಸುತ್ತಿದ್ದಳು. ಸರ್ಕಾರದ ಕರಡಿ, ಹಾಳಾದರೆ ತನ್ನ ತಲೆಗೆ ಬಂದೀತು ಎಂಬ ಹೆದರಿಕೆ ಅವಳದು.

ಮಂದಾಕಿನಿಗೆ ಆ ಮುಚ್ಚಿದ ತುಟಿಗಳನ್ನು ನೋಡಿದರೆ ತನ್ನದೇ ಬಾಲ್ಯ ನೆನಪಾಗುತ್ತಿತ್ತು. ಅವಳ ತವರು ಮಾಜಾಳಿ, ಮನೆಯ ಮಾತು ಕೊಂಕಣಿ. ಒಂದನೇ ಇಯತ್ತೆಯಲ್ಲಿ ಕನ್ನಡ ಶಾಲೆಗೆ ಹೋದವಳು ಇಡೀ ವರ್ಷ ತುಟಿಪಿಟಕ್ ಅಂದಿರಲಿಲ್ಲ. ಮಾಸ್ತರು ಅವಳಿಗೆ ಮೂಗಿ ಎಂದೇ ಹೆಸರಿಟ್ಟಿದ್ದರು. ಅವಳ ಬಾಯಿ ತೆರೆಸಿದ್ದು ಮಾಸ್ತರಲ್ಲ. ಆಟದ ಬಯಲಲ್ಲಿ ಯಾರು ಕಳ್ಳ ಎಂದು ತೀರ್ಮಾನಿಸಲು ಮಕ್ಕಳು ಎದೆ ಮುಟ್ಟಿ ಮುಟ್ಟಿ ಎಣಿಸುವ ಒಂದು ತಲೆಬುಡವಿಲ್ಲದ ಹಾಡು, ಈ ಕಡೆಯವರ ಮಾತಿನಲ್ಲಿ ಪದ. ಅದಕ್ಕೆ ಅರ್ಥವೇ ಇರಲಿಲ್ಲ. ಅರ್ಥವಿಲ್ಲದ್ದನ್ನು ತಪ್ಪು ಹೇಳಲು ಬರುವುದಿಲ್ಲವಲ್ಲ, ಹಾಗಾಗಿ ಹೆದರಿಕೆಯೂ ಇರಲಿಲ್ಲ. ಅಂದು ಬಿಟ್ಟ ಬಾಯಿಯನ್ನು ಅವಳು ಇನ್ನೂ ಮುಚ್ಚಿಲ್ಲ ಎಂದು ಗಂಡ ರಾಮಾ ತಮಾಷೆ ಮಾಡುತ್ತಿದ್ದ. ಬಾಳೆಗುಳಿ ಕ್ರಾಸಿನಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಮಂದಾಕಿನಿ ಅಲ್ಲಿಂದಲೇ ದಿನಾ ಟೆಂಪೋ ಹಿಡಿದು ಬೆಳಂಬಾರಕ್ಕೆ ಬರುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಯ ಜೂನಿನಲ್ಲಿ ಮಳೆ ಹಿಡಿದಾಗ ಅವಳು ಕರಡಿಯ ಮುಖವನ್ನು ಗೋಡೆಗೆ ತಿರುಗಿಸಿ ನೇತುಹಾಕಿದಳು. ರೂಪಾಲಿ "ಅಕ್ಕೋರೆ!" ಎಂದು ಎದೆ ಮುಟ್ಟಿಕೊಂಡಳು.

"ಹೆದರಬೇಡ. ಕರಡಿಗೂ ರಜೆ ಬೇಕು" ಎಂದಳು ಮಂದಾಕಿನಿ. ಮಧ್ಯಾಹ್ನ ಮಕ್ಕಳನ್ನು ಬಿಟ್ಟ ಮೇಲೆ ಕೊಡೆ ಬಿಚ್ಚಿ ಕೇರಿಯ ಮನೆಮನೆಗೆ ಹೊರಟಳು. ಮಳೆಗಾಲದಲ್ಲಿ ದೋಣಿಗಳೆಲ್ಲ ತೆಂಗಿನ ಮಡಲಿನ ಚಪ್ಪರದ ಅಡಿ ಮಲಗಿರುತ್ತವೆ, ಮೀನು ಮಾರುವ ಹೆಂಗಸರು ಜಗುಲಿಯಲ್ಲಿ ಬಲೆಯ ತೂತು ಹೊಲಿಯುತ್ತ ಸಿಗುತ್ತಾರೆ. ಮಕ್ಕಳಿಗೆ ಮನೆಯಲ್ಲಿ ಏನು ಹೇಳಿ ಆಡಿಸುತ್ತೀರಿ, ಏನು ಹೇಳಿ ಉಣಿಸುತ್ತೀರಿ, ಅದನ್ನೇ ನನಗೆ ಹೇಳಿಕೊಡಿ ಎಂದು ಕೇಳಿದಳು.

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. "ಅಯ್ಯೋ ಅಕ್ಕೋರೆ, ಅದೆಲ್ಲ ಶಾಲಿಗೆ ಹೇಳೂ ಪದವಾ? ಅದ್ರಲ್ಲಿ ಬರೀ ಸಿಂಬಳ, ಹೂಸು, ಅತ್ತಿ ಬೈಯೂದೇ ಇದ್ದು" ಎಂದಳು ಸುಬ್ಬಿ ಎಂಬ ತಾಯಿ. ಅವಳ ಮಗ ಕಿಶನ ಅಂಗನವಾಡಿಯಲ್ಲಿ ಕಚ್ಚುವವರ ಸಾಲಿನಲ್ಲಿ ಮೊದಲಿಗ.

"ಸಿಂಬಳ ಇಲ್ಲದ ಮಗು ನಿಮ್ಮ ಕೇರಿಯಲ್ಲಿದ್ದರೆ ತೋರಿಸಿ, ಅದಕ್ಕೆ ಬೇರೆ ಪದ ಹುಡುಕೋಣ" ಎಂದಳು ಮಂದಾಕಿನಿ. ಆಮೇಲೆ ಯಾರಿಗೂ ನಾಚಿಕೆ ಉಳಿಯಲಿಲ್ಲ.

ಎಲ್ಲರಿಗಿಂತ ಹೆಚ್ಚು ಪದ ಕೊಟ್ಟವಳು ದುರ್ಗಿ. ತಲೆ ಪೂರ್ತಿ ಬೆಳ್ಳಗಾದ, ಬಾಯಲ್ಲಿ ಎಲೆಯಡಿಕೆ ತಪ್ಪದ ಮುದುಕಿ ಅವಳು. ಅವಳ ತಮ್ಮ ಮಾಸ್ತಿ ಊರ ರಂಪಣಿಯ ಯಜಮಾನ. ರಂಪಣಿ ಎಂದರೆ ದಂಡೆಯಿಂದ ದೋಣಿಯಲ್ಲಿ ಒಯ್ದು ಕಡಲಿಗೆ ಅರ್ಧ ಸುತ್ತು ಹಾಕಿ ಬರುವ ದೊಡ್ಡ ಬಲೆ. ಅದರ ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎರಡು ಸಾಲಾಗಿ ನಿಂತು ಎಳೆಯಬೇಕು. ಮಾಸ್ತಿಯ ಮಾತು ದಂಡೆಯಲ್ಲಿ ಕೊನೆಯ ಮಾತು. ಅವನ ಬಿಳಿ ಮೀಸೆಗೆ ಹೆದರದವರು ಇಡೀ ಊರಿನಲ್ಲಿ ಇಬ್ಬರೇ. ಒಬ್ಬಳು ಅಕ್ಕ ದುರ್ಗಿ, ಇನ್ನೊಬ್ಬಳು ಅವನ ನಾಲ್ಕು ವರ್ಷದ ಮೊಮ್ಮಗಳು ಪ್ರಗತಿ. ದುರ್ಗಿ ಹೆದರದಿದ್ದದ್ದೂ ಮನೆಯ ಒಳಗೆ ಮಾತ್ರ.

ದುರ್ಗಿ ಒಂದು ಹಳೆಯ ಮೀನಿನ ಬುಟ್ಟಿ ತಂದು ಮಂದಾಕಿನಿಯ ಮುಂದೆ ಬೋರಲು ಹಾಕಿ, ಅದರ ಬೆನ್ನು ಬಡಿಯುತ್ತ ಹೇಳಿದಳು:

ಬುಟ್ಟಿ ಬುಟ್ಟಿ ಖಾಲಿ ಬುಟ್ಟಿ,
ಬುಟ್ಟಿ ತಳಕೆ ಕಪ್ಪೆ ಹಟ್ಟಿ,
ಕಪ್ಪೆ ಕೇಳ್ತು ಮೀನೆಲ್ ಹೋತು?
ಮೀನು ಮಾವನ ಮನಿಗೆ ಹೋತು.
ಮಾವ ಹೋದ ಮಳಿ ತರೂಕೆ,
ಮಳಿ ಬಂತು ಟಪ್ಪ ಟಪ್ಪಾ,
ಇಂದಿನ ಊಟಕೆ ಗಂಜಿ ಉಪ್ಪಾ!

'ಉಪ್ಪಾ' ಎನ್ನುವಾಗ ಬುಟ್ಟಿಯನ್ನು ಮಗುವಿನ ತಲೆಯ ಮೇಲೆ ದಬಕ್ಕನೆ ಕವುಚಬೇಕು. ಮರುದಿನ ಅಂಗನವಾಡಿಯಲ್ಲಿ ಮಂದಾಕಿನಿ ಅದನ್ನು ಕಿಶನನ ತಲೆಯ ಮೇಲೆ ಕವುಚಿದಳು. ಬುಟ್ಟಿಯ ಒಳಗಿನಿಂದ ಅವನು ಕಿರುಚಿ ನಕ್ಕ. ಮಿಕ್ಕವರು "ನಂಗೆ, ನಂಗೆ" ಎಂದು ಮೇಲೆ ಬಿದ್ದರು. "ಪದ ಹೇಳಿದವರಿಗೆ ಮಾತ್ರ ಬುಟ್ಟಿ" ಎಂದಳು ಅವಳು. ಅಷ್ಟು ಸಾಕಾಯಿತು. ಒಂದು ವಾರದಲ್ಲಿ ಮಕ್ಕಳ ದನಿ ಹಂಚು ಹಾರಿಸುವಷ್ಟಾಯಿತು. ಯಾರ ಎದುರೂ ಉಸಿರು ಬಿಡದ ಪ್ರಗತಿ ಎಲ್ಲರಿಗಿಂತ ಜೋರಾಗಿ ಕೂಗತೊಡಗಿದಳು. ಮನೆಯಲ್ಲಿ ಹುಲಿ, ಹೊರಗೆ ಗುಬ್ಬಿ ಅನ್ನಿಸಿಕೊಂಡಿದ್ದ ಹುಡುಗಿ ಎಲ್ಲ ಕಡೆಯೂ ಹುಲಿಯಾದಳು. ಮಂದಾಕಿನಿ ಅಂದು ಮನೆಗೆ ಹೋಗುವಾಗ ಟೆಂಪೋದಲ್ಲಿ ಸುಮ್ಮನೆ ಒಬ್ಬಳೇ ನಗುತ್ತ ಕೂತಿದ್ದಳು.

ದುರ್ಗಿ ಒಂದು ಮಾತು ಮಾತ್ರ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಯಾರಿಗೂ ಹೇಳುವ ಪ್ರಮೇಯವೇ ಬಂದಿರಲಿಲ್ಲ. ಮಾಜಾಳಿಯಲ್ಲಿ ಮಂದಾಕಿನಿಯ ಮನೆಯವರು ಬಲೆ ಬಿಟ್ಟು ಗೋವೆಯ ಕೆಲಸಕ್ಕೆ ಬಸ್ಸು ಹತ್ತಿ ಒಂದು ತಲೆಮಾರು ಕಳೆದಿತ್ತು. ಅವಳಿಗೆ ಗೊತ್ತಾಗುವುದಾದರೂ ಹೇಗೆ?

ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸಿದರು. ತಾಯಂದಿರು ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ನಡೆದರು. ಮನೆಯಲ್ಲಿ ಮಕ್ಕಳು ಏನು ಹಾಡುತ್ತಾರೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗನವಾಡಿಯ ಎದುರಿನ ದಂಡೆಯಲ್ಲೇ ರಂಪಣಿ ಬಿದ್ದಿತು. ಜನ ಹಗ್ಗ ಎಳೆಯುತ್ತಿದ್ದರು. ಮಂದಾಕಿನಿ ಅದನ್ನು ತೋರಿಸಲೆಂದು ಮಕ್ಕಳನ್ನು ಹೊರಗೆ ಕರೆದು ಬೇಲಿಯ ಬಳಿ ಸಾಲಾಗಿ ನಿಲ್ಲಿಸಿದಳು. ಮಕ್ಕಳಿಗೆ ಬುಟ್ಟಿಗಳು ಕಂಡವು, ಬುಟ್ಟಿ ಕಂಡರೆ ಪದ ಬರಬೇಕಲ್ಲ. ಪ್ರಗತಿ ಶುರುಮಾಡಿದಳು. ಉಳಿದವರು ಗಂಟಲು ಕೂಡಿಸಿದರು. 'ಬುಟ್ಟಿ ಬುಟ್ಟಿ ಖಾಲಿ ಬುಟ್ಟಿ' ಇಡೀ ದಂಡೆಗೆ ಕೇಳಿಸಿತು.

ಎರಡೂ ಸಾಲಿನಲ್ಲಿ ಹಗ್ಗ ಹಿಡಿದ ಕೈಗಳು ನಿಂತುಬಿಟ್ಟವು. ಮಂದಾಕಿನಿ ಕೈ ಬೀಸಿ ಮಕ್ಕಳಿಗೆ ಹುರುಪು ತುಂಬಿದಳು. ಜನ ಮೆಚ್ಚಿ ನಿಂತರು ಎಂದುಕೊಂಡಳು ಪಾಪ.

ಬಲೆ ದಂಡೆಗೆ ಬಂದಾಗ ಅದರೊಳಗೆ ಇದ್ದದ್ದು ಕೈಗೆ ತುರಿಕೆ ಹಿಡಿಸುವ ಲೋಳೆ ಮೀನು, ಒಂದಿಷ್ಟು ಪಾಚಿ ಮತ್ತು ಯಾರದೋ ಹರಿದ ಚಪ್ಪಲಿ.

ಮಾಸ್ತಿ ಒದ್ದೆ ಕಾಲಲ್ಲೇ ಅಂಗನವಾಡಿಯ ಅಂಗಳಕ್ಕೆ ಬಂದ. "ಯಾರು ಕಲ್ಸಿದ್ದು ಈ ಪದಾ?" ಎಂದ. ದನಿ ಎತ್ತರಿಸಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ನಾನು. ಯಾಕೆ, ಏನಾಯಿತು?"

"ಬಲೆ ನೀರಲ್ಲಿದ್ದಾಗ ಖಾಲಿ ಬುಟ್ಟಿ ಪದ ಹೇಳೂದಾ? ಅದು ದೋಣಿ ಚಪ್ಪರದಡಿ ಇದ್ದಾಗ ಹೇಳೂ ಪದ, ಮಳಿಗಾಲದ್ದು. ನಮ್ಮ ಹೊಟ್ಟಿ ಮೇಲೆ ನಮ್ಮ ಮಕ್ಕಳ ಬಾಯಿಂದ್ಲೇ ಕಲ್ಲು ಹಾಕಿಸ್ದ್ರಿ ಅಲಾ ಅಕ್ಕೋರೆ."

ಮಂದಾಕಿನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. "ಪದ ಕೇಳಿ ಮೀನು ಓಡಿಹೋಗುತ್ತದೆಯೇ ಮಾಸ್ತಿಯಣ್ಣ? ಮೀನಿಗೆ ಕನ್ನಡ ಬರುತ್ತದೆಯೇ?" ಎಂದುಬಿಟ್ಟಳು. ಆಡಬಾರದ ಹೊತ್ತಲ್ಲಿ ಆಡಿದ ಮಾತು ಅದು. ಮಾಸ್ತಿ ಮೊಮ್ಮಗಳ ಕೈ ಹಿಡಿದು ಎಳೆದುಕೊಂಡು ಹೋದ.

ಮರುದಿನ ಅಂಗನವಾಡಿಗೆ ಒಂದು ಮಗುವೂ ಬರಲಿಲ್ಲ. ರೂಪಾಲಿ ಬೇಯಿಸಿದ ಉಪ್ಪಿಟ್ಟು ಪಾತ್ರೆಯಲ್ಲೇ ತಣ್ಣಗಾಯಿತು. ಅದರ ಮರುದಿನವೂ ಅದೇ ಗತಿ. ಮಂದಾಕಿನಿ ಸುಬ್ಬಿಯ ಮನೆಗೆ ಹೋದರೆ ಸುಬ್ಬಿ ಮುಖ ಕೊಟ್ಟು ಮಾತಾಡಲಿಲ್ಲ. "ಪದ ಪಾಡು ಎಲ್ಲ ಬಿಟ್ಟು ಸುಮ್ಕೆ ಆ ಚಾರ್ಟು ಓದಿಸ್ತೆ ಅಂತ ಹೇಳಿ. ಯಜಮಾನ್ರು ಒಪ್ಕಂತ್ರು, ಹುಡ್ರನ್ನ ಕಳಸ್ತೇವೆ" ಎಂದಳು ಬಾಗಿಲ ಮರೆಯಿಂದ.

ಅಷ್ಟೇ ಸಾಕಿತ್ತು. ಕರಡಿಯ ಮುಖವನ್ನು ಇತ್ತ ತಿರುಗಿಸಿದರೆ ಎಲ್ಲ ಸರಿಯಾಗುತ್ತಿತ್ತು. ಮಕ್ಕಳು ಬರುತ್ತಿದ್ದರು, ತುಟಿ ಮುಚ್ಚಿಕೊಂಡು ಸಾಲಾಗಿ ಕೂರುತ್ತಿದ್ದರು. ರೂಪಾಲಿ ಕೈ ಮುಗಿದು ಕೇಳಿದಳು, "ತಿರುಗ್ಸೇ ಬಿಡ್ವಾ ಅಕ್ಕೋರೆ?"

"ಇಲ್ಲ" ಎಂದಳು ಮಂದಾಕಿನಿ. "ಆ ತುಟಿಗಳು ಮತ್ತೆ ಮುಚ್ಚುವುದನ್ನು ನಾನು ನೋಡಲಾರೆ. ಬೇಕಾದರೆ ಕೆಲಸ ಬಿಟ್ಟೇನು."

ಅಂದು ಮಧ್ಯಾಹ್ನ ದುರ್ಗಿ ಹಿತ್ತಿಲ ದಾರಿಯಿಂದ ಕದ್ದು ಬಂದಳು. ಕಣ್ಣು ಒರೆಸಿಕೊಂಡಳು. "ನಾನೇ ಹೇಳ್ಬೇಕಾಗಿತ್ತು ಅಕ್ಕೋರೆ. ನಿಮಗೆ ತಿಳ್ದಿದ್ದು ಅಂದ್ಕಂಡಿದ್ದೆ."

"ಆಯಿತಲ್ಲ, ಬಿಡಿ. ಖಾಲಿ ಬುಟ್ಟಿಗೆ ಮಳೆಗಾಲ. ಹಾಗಾದರೆ ಬಲೆ ನೀರಲ್ಲಿದ್ದಾಗ ಹೇಳುವ ಪದವೂ ಇರಬೇಕಲ್ಲ?"

ದುರ್ಗಿಯ ಮುಖ ಅರಳಿ ಮತ್ತೆ ಬಾಡಿತು. "ಇತ್ತು. ಹಗ್ಗ ಎಳೂವಾಗ ನಮ್ಮವ್ವಿ, ಅತ್ತಿ ಎಲ್ಲ ಹೇಳ್ತಿದ್ರು. ಮೀನು ಕರಿಯೂ ಪದ. ಈಗ ಯಾರು ಹೇಳ್ತ್ರು? ಬರೀ ಹೋಯ್ ಹೋಯ್ ಅಂತ್ರು. ರಾಗ ಕಿವೀಲಿದ್ದು, ಮಾತು ಹೋಗ್ಬಿಟ್ಟದೆ." ಅವಳು ಕಣ್ಣು ಮುಚ್ಚಿ ಒಮ್ಮೆ ಗುನುಗಿದಳು. ಎರಡು ಹೆಜ್ಜೆ ಹಿಂದೆ ಹಾಕಿ ಒಂದು ಸಲ ಜಗ್ಗುವ ಲಯ ಅದು.

"ರಾಗ ಇದ್ದರೆ ಸಾಕು. ಮಾತು ನಾವು ಮಾಡಿಕೊಳ್ಳೋಣ" ಎಂದಳು ಮಂದಾಕಿನಿ. ಅವಳಿಗೆ ತಾನು ತಪ್ಪು ಮಾಡಿದೆನೆಂದು ಅನ್ನಿಸಿರಲಿಲ್ಲ. ಆದರೆ ಈ ಊರಿನ ಪದ ಬೇಕಾದರೆ ಈ ಊರಿನ ಹಗ್ಗವನ್ನೂ ಹಿಡಿಯಬೇಕು ಎಂಬುದು ಮಾತ್ರ ಅವಳಿಗೆ ಅಂದೇ ಖಾತ್ರಿಯಾಯಿತು.

ಮಾರನೆಯ ದಿನ ಬಲೆ ಬಿದ್ದಾಗ ಅವಳು ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ಬಿಟ್ಟು ದಕ್ಷಿಣದ ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದಳು. ಪಕ್ಕದವಳು ಸರಿದು ನಿಂತಳು. ಯಾರೂ ಬೇಡ ಅನ್ನಲಿಲ್ಲ. ಹಗ್ಗ ಹಿಡಿಯಲು ಬಂದವರನ್ನು ಬೇಡ ಅನ್ನುವ ಪದ್ಧತಿ ಆ ದಂಡೆಯಲ್ಲಿ ಇಲ್ಲ. ಮುದುಕ ಹಿಡಿಯಲಿ, ಬಸುರಿ ಹಿಡಿಯಲಿ, ದಾರಿಹೋಕ ಹಿಡಿಯಲಿ, ಬಲೆಯ ಚೀಲ ಮರಳಿಗೆ ಬರುವ ಮೊದಲು ಹಗ್ಗ ಮುಟ್ಟಿದ್ದರೆ ಅವರಿಗೆ ಪಾಲು ಉಂಟು. ಎಳೆದ ಮೇಲೆ ಯಜಮಾನ ಮರಳಿನ ಮೇಲೆ ಮೀನನ್ನು ಗುಪ್ಪೆ ಗುಪ್ಪೆಯಾಗಿ ಇಡುತ್ತಾನೆ, ಒಬ್ಬೊಬ್ಬರ ಮುಂದೆ ಒಂದೊಂದು ಗುಪ್ಪೆ. ಗುಪ್ಪೆ ಸಿಕ್ಕಿತೆಂದರೆ ಆ ಹೊತ್ತಿಗೆ ಅವರು ಊರವರು.

ಮಾಸ್ತಿ ಅಂದು ಎಲ್ಲರ ಮುಂದೆ ಗುಪ್ಪೆ ಇಟ್ಟ. ಮಂದಾಕಿನಿಯ ಮುಂದೆ ಬಂದಾಗ ಅಲ್ಲಿ ಮರಳು ಮಾತ್ರ ಇದೆ ಎಂಬಂತೆ ದಾಟಿಹೋದ.

ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮುಖ ಅವಮಾನದಿಂದ ಉರಿಯುತ್ತಿತ್ತು. ಮನೆಯಲ್ಲಿ ರಾಮಾ ಅವಳ ಕೈಗೆ ಎಣ್ಣೆ ಹಚ್ಚುತ್ತ, "ಯಾರಿಗೆ ಬೇಕಾಗಿದೆ ಅವನ ಮೀನು? ನಾಳೆ ಪೇಟೆಯಿಂದ ನಾನೇ ತರುತ್ತೇನೆ" ಎಂದ.

"ನನಗೆ ಮೀನು ಬೇಡ. ಪಾಲು ಬೇಕು" ಎಂದಳು ಅವಳು. ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹೋದಳು. ಮಾಸ್ತಿ ಮತ್ತೆ ದಾಟಿಹೋದ. ಅದರ ನಂತರವೂ ಅಷ್ಟೇ. ಬಲೆ ಬಿದ್ದ ದಿನವೆಲ್ಲ ಅವಳು ಎಳೆದಳು, ಬಲೆ ಬಿದ್ದ ದಿನವೆಲ್ಲ ಅವನು ದಾಟಿದ. ಹಗ್ಗದಲ್ಲಿ ಮಂದಾಕಿನಿಯ ಮುಂದೆ ನಿಲ್ಲುತ್ತಿದ್ದ ಮಾಬ್ಲೇಶ್ವರ ಒಂದು ದಿನ ತಲೆ ತಗ್ಗಿಸಿ, "ಇದು ಸರಿ ಅಲ್ಲ ಮಾರಾಯ್ರೆ. ಹಗ್ಗ ಮುಟ್ದವ್ರಿಗೆ ಪಾಲಿಲ್ಲ ಅಂತ ನಮ್ಮಜ್ಜನ ಕಾಲ್ದಲ್ಲೂ ಆಗ್ಲಿಲ್ಲ" ಎಂದು ಗೊಣಗಿದ. ಅವಳ ಕಿವಿಗೆ ಮಾತ್ರ ಬೀಳುವಷ್ಟು ಮೆಲ್ಲಗೆ ಗೊಣಗಿದ ಎನ್ನಿ.

ಇತ್ತ ಮಕ್ಕಳು ಅಂಗನವಾಡಿಗೆ ಬರದಿದ್ದರೂ ದಂಡೆಗೆ ಬರುವುದನ್ನು ತಡೆಯುವವರು ಯಾರು? ತಾಯಂದಿರು ಹಗ್ಗದಲ್ಲಿದ್ದರೆ ಮಕ್ಕಳು ಮರಳಲ್ಲಿ. ಬಲೆ ಎಳೆದು ಮುಗಿದ ಮೇಲೆ ಮಂದಾಕಿನಿ ಅಲ್ಲೇ ಕೂತು ಬೊಬ್ಬೆಯ ಕೈ ತಟ್ಟುತ್ತ ದುರ್ಗಿ ಕೊಟ್ಟ ರಾಗದಲ್ಲಿ ಕೇಳುತ್ತಿದ್ದಳು:

ಹಗ್ಗ ಹಗ್ಗ ಎಳಿ ಎಳಿ,
ಬಲಿ ಒಳಗೆ ಯಾರು ಹೇಳಿ?

ಮೊದಲು ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಕಿಶನ ದೂರದಿಂದಲೇ "ಬಂಗಡೆ!" ಎಂದ. "ಬಂಗಡೆ ಏನು ಮಾಡಿತು?" ಎಂದಳು ಅವಳು. ಕಿಶನ ತಲೆ ಕೆರೆದುಕೊಂಡು ಹೇಳಿದ, "ಬಾಲ ಬಡೀತು." ಆ ಸಂಜೆಯೊಳಗೆ ಅದು ಪದವಾಯಿತು:

ನಾನು ನಾನು ಬಂಗಡೆ,
ಬಾಲ ಬಡಿದೆ ದಂಡೆಗೆ!

ಆಟ ಹೀಗೆ ಬೆಳೆಯಿತು. ಒಬ್ಬೊಬ್ಬರದು ಒಂದೊಂದು ಮೀನು, ತನ್ನ ಮೀನಿನ ಸಾಲನ್ನು ತಾನೇ ಕಟ್ಟಬೇಕು. 'ನಾನು ನಾನು ತಾರ್ಲೆ, ನಿನ್ನ ಬುಟ್ಟಿಗೆ ಹಾರ್ಲೆ?' ಎಂದಳು ಒಬ್ಬಳು. ಸಿಗಡಿಗೆ ಅವರು ಶೆಟ್ಲಿ ಎನ್ನುತ್ತಾರೆ. 'ನಾನು ನಾನು ಶೆಟ್ಲಿ, ಮೀಸೆ ಎಲ್ಲಿ ಇಡ್ಲಿ?' ಎಂದು ಇನ್ನೊಬ್ಬ ಕುಪ್ಪಳಿಸಿದ. ಪ್ರಗತಿ ಮಾತ್ರ ದೂರ ನಿಂತು ನೋಡುತ್ತಿದ್ದಳು. ಅಜ್ಜ ಬೇಡವೆಂದಿದ್ದ. ಆದರೆ ಅವಳ ಎರಡು ಕೈಗಳೂ ಏಡಿಯ ಕೊಂಬಿನ ಹಾಗೆ ತಾವಾಗಿಯೇ ಆಡುತ್ತಿದ್ದವು. ಮಂದಾಕಿನಿ ಅದನ್ನು ನೋಡಿದಳು, ಕರೆಯಲಿಲ್ಲ. ಕರೆದು ಬರಿಸಿದ ಪದ ನಾಲಿಗೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾಸ್ತಿಗೂ ಇದು ಕಾಣದೆ ಇರಲಿಲ್ಲ. ಒಂದು ಸಂಜೆ ಹತ್ತಿರ ಬಂದು ನಿಂತ. "ಇದ್ಯಾವ ಹೊಸ ಪದಾ?"

"ಮೀನು ಕರೆಯುವ ಪದ. ಓಡಿಸಿದ್ದು ನಾನೇ ಎಂದರಲ್ಲ, ಕರೆಯುವುದೂ ನನ್ನದೇ ಕೆಲಸ."

ಮಾಸ್ತಿ ಮೀಸೆ ತಿರುವಿದ. "ಬಲೆ ಎಳೂವಾಗ ಮಾತ್ರ ಉಸುರು ಬಿಡೂಕಾಗ್ದು ಹುಡ್ರು" ಎಂದು ಹೇಳಿ ಹೊರಟುಹೋದ.

ದೀಪಾವಳಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಗಾಳಿ ಜೋರಿತ್ತು, ಕಡಲು ಉಬ್ಬಿತ್ತು. ಬಲೆ ಹಾಕಿ ಬಂದ ದೋಣಿಯವರು ನೀರಿನ ಬಣ್ಣ ಕಂಡು ಕೂಗಿ ಹೇಳಿದರು, ಬಂಗಡೆಯ ಹಿಂಡು ಒಳಗಿದೆ ಎಂದು. ಜನ ಓಡಿ ಬಂದು ಹಗ್ಗ ಹಿಡಿದರು. ಆದರೆ ಅಲೆ ಒಂದು ಪಕ್ಕದಿಂದ ತಳ್ಳುತ್ತಿತ್ತು. ಉತ್ತರದ ಸಾಲಿನವರು ಬೇಗ ಬೇಗ ಎಳೆದರು, ದಕ್ಷಿಣದವರು ಹಿಂದೆ ಬಿದ್ದರು. ಎರಡು ಹಗ್ಗ ಸಮನಾಗಿ ಬರದಿದ್ದರೆ ಬಲೆ ಸೊಟ್ಟಗಾಗುತ್ತದೆ, ಅದರ ಅಡಿ ನೆಲ ಬಿಟ್ಟೇಳುತ್ತದೆ, ಹಿಂಡು ಹಿಂಡೇ ಕೆಳಗಿನಿಂದ ಜಾರಿಹೋಗುತ್ತದೆ. ಮಾಸ್ತಿ ಎರಡು ಸಾಲಿನ ನಡುವೆ ನಿಂತು "ತಡಿರಾ, ಒಟ್ಟಿಗೆ ಎಳಿರಾ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಗಾಳಿ ಅವನ ದನಿಯನ್ನು ಎತ್ತಿಕೊಂಡು ಹೋಗಿ ಎಲ್ಲೋ ಬಿಸಾಡುತ್ತಿತ್ತು. ದಕ್ಷಿಣದ ಸಾಲಿನಲ್ಲಿದ್ದ ಮಂದಾಕಿನಿಗೆ ಅವನ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ.

ಕೇಳಿಸಿದ್ದು ಬೇರೆ ದನಿ. ಚೂಪಾದ, ಗಾಳಿಯನ್ನು ಸೀಳಿಕೊಂಡು ಬರುವ ದನಿ.

ಹಗ್ಗ ಹಗ್ಗ ಎಳಿ ಎಳಿ!

ಪ್ರಗತಿ ಅಜ್ಜನ ಪಕ್ಕದಲ್ಲೇ ನಿಂತು ಎರಡು ಕೈ ಎತ್ತಿ ಕೂಗುತ್ತಿದ್ದಳು. ಮಾಸ್ತಿ ಬೆಚ್ಚಿ ಅವಳ ಬಾಯಿ ಮುಚ್ಚಲು ಬಗ್ಗಿದ. ಅಷ್ಟರಲ್ಲಿ ಮರಳಲ್ಲಿ ಚೆದುರಿದ್ದ ಮಕ್ಕಳೆಲ್ಲ ಓಡಿ ಬಂದು ಅವಳ ಸುತ್ತ ನಿಂತು ಒಂದೇ ಕೊರಳಲ್ಲಿ ಎತ್ತಿಕೊಂಡರು. ಮಂದಾಕಿನಿ ಹಗ್ಗದಲ್ಲಿದ್ದುಕೊಂಡೇ "ಬಲಿ ಒಳಗೆ ಯಾರು ಹೇಳಿ?" ಎಂದು ಕೂಗಿದಳು. ಉತ್ತರದ ಸಾಲಿನಿಂದ ಮುದುಕಿ ದುರ್ಗಿಯೂ ಕೂಗಿದಳು. ಮನೆಯ ಹೊರಗೂ ಅವಳು ತಮ್ಮನಿಗೆ ಹೆದರದೆ ನಿಂತದ್ದು ಅಂದೇ ಮೊದಲು. 'ಎಳಿ' ಎಂದಲ್ಲಿ ಉತ್ತರದ ಹಗ್ಗ ಜಗ್ಗಿತು, 'ಎಳಿ' ಎಂದಲ್ಲಿ ದಕ್ಷಿಣದ ಹಗ್ಗವೂ ಜಗ್ಗಿತು. ಬಂಗಡೆ ಬಾಲ ಬಡಿಯಿತು, ತಾರ್ಲೆ ಬುಟ್ಟಿಗೆ ಹಾರಿತು, ಶೆಟ್ಲಿ ಮೀಸೆ ಇಡಲು ಜಾಗ ಹುಡುಕಿತು. ಪ್ರತಿ ಸಾಲಿಗೂ ಎರಡು ಹಗ್ಗ ಒಟ್ಟಿಗೆ ಬಂದವು. ಮಾಸ್ತಿ ಬಗ್ಗಿದವನು ಹಾಗೆಯೇ ನೆಟ್ಟಗಾದ. ಸಮುದ್ರ ನೋಡಿದ, ಬಲೆಯ ಬೆಂಡುಗಳ ಸುತ್ತು ಸರಿಯಾಗುತ್ತ ಬರುವುದನ್ನು ನೋಡಿದ, ಮೊಮ್ಮಗಳ ಬಾಯಿ ಮುಚ್ಚಲಿಲ್ಲ.

ಬಲೆ ಬಂತು. ಜನ್ಮದಲ್ಲಿ ಕಾಣದಷ್ಟು ಮೀನು ಎಂದು ಸುಳ್ಳು ಹೇಳುವುದಿಲ್ಲ. ಅರ್ಧ ಹಿಂಡು ಮೊದಲೇ ಜಾರಿಹೋಗಿತ್ತು. ಉಳಿದ ಅರ್ಧ ಎಲ್ಲರ ಮನೆಯ ಒಲೆಗೂ ಪೇಟೆಯ ಬುಟ್ಟಿಗೂ ಸಾಕಾಗುವಷ್ಟಿತ್ತು.

ಮಾಸ್ತಿ ಗುಪ್ಪೆ ಇಡತೊಡಗಿದ. ಉತ್ತರದ ಸಾಲು ಮುಗಿಯಿತು. ದಕ್ಷಿಣದ ಸಾಲಿಗೆ ಬರುವ ಮೊದಲು ಅವನು ಮಕ್ಕಳ ಎದುರು ನಿಂತು ಒಂದು ಗುಪ್ಪೆ ಇಟ್ಟ. ಯಾರೋ ಹಿಂದಿನಿಂದ "ಹುಡ್ರು ಹಗ್ಗ ಮುಟ್ಲೇ ಇಲ್ಲ ಅಲಾ" ಎಂದರು.

"ಇವತ್ತು ಎರಡೂ ಹಗ್ಗ ಈ ಹುಡ್ರ ಬಾಯಲ್ಲೇ ಇತ್ತು. ನಿಂಗೆ ಕಾಣ್ಲಿಲ್ವಾ?" ಎಂದ ಮಾಸ್ತಿ ತಿರುಗದೆ.

ದಕ್ಷಿಣದ ಸಾಲಿನಲ್ಲಿ ಒಬ್ಬೊಬ್ಬರ ಮುಂದೆ ಇಡುತ್ತ ಬಂದ. ಮಾಬ್ಲೇಶ್ವರನಿಗೆ ಇಟ್ಟ. ಮುಂದಿನವಳು ಮಂದಾಕಿನಿ, ಸಾಲಿನ ಕೊನೆಯವಳು. ಮಾಸ್ತಿ ಅಲ್ಲಿ ನಿಂತ. ಅಭ್ಯಾಸದ ಕಾಲು ದಾಟಲು ಎದ್ದಿತು, ಆದರೆ ಕೈಯಲ್ಲಿ ಮೀನಿತ್ತು. ಇಷ್ಟು ದಿನ ದಾಟಿದ್ದನ್ನು ಎಲ್ಲರೆದುರು ಹೇಗೆ ಒಪ್ಪಿಕೊಳ್ಳುವುದು ಎಂದು ಅವನ ಮೀಸೆ ಅದುರುತ್ತಿತ್ತು. ಮಂದಾಕಿನಿ ಅವನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ಬೇಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಆಗ ಅಡ್ಡಡ್ಡ ಹೆಜ್ಜೆ ಹಾಕುತ್ತ, ಬೆರಳುಗಳನ್ನು ಕೊಂಬು ಮಾಡಿಕೊಂಡು ಪ್ರಗತಿ ಇಬ್ಬರ ನಡುವೆ ಬಂದಳು:

ನಾನು ನಾನು ಏಡಿ,
ಅಜ್ಜನ ಮೀಸೆ ಜೋಡಿ
ಕಚ್ಚಿ ಹಿಡಿದೆ ನೋಡಿ!
ಅಕ್ಕೋರ ಪಾಲು ನೀಡಿ!

ಮೊದಲ ಮೂರು ಸಾಲು ಅವಳು ಯಾವಾಗ ಕಟ್ಟಿಟ್ಟುಕೊಂಡಿದ್ದಳೋ, ಕೊನೆಯದು ಆಗಷ್ಟೇ ಹುಟ್ಟಿದ್ದು. ಮೊದಲು ದುರ್ಗಿ ನಕ್ಕಳು, ಮಾಬ್ಲೇಶ್ವರ ನಕ್ಕ, ಸುಬ್ಬಿ ಸೆರಗು ಬಾಯಿಗಿಡುವುದನ್ನೂ ಮರೆತು ನಕ್ಕಳು. ಮಾಸ್ತಿಯ ಮೀಸೆಯ ಕೆಳಗೂ ಏನೋ ಒಂದು ಒದ್ದಾಡಿ ಸೋತಿತು. ಅವನು ಬಗ್ಗಿ ಮರಳಿನ ಮೇಲೆ ಗುಪ್ಪೆ ಇಟ್ಟ. ಒಂದನ್ನು ಇಟ್ಟು, ಸ್ವಲ್ಪ ತಡೆದು, ಅದರ ಮೇಲೆ ಇನ್ನಷ್ಟು ಇಟ್ಟ. ಮಂದಾಕಿನಿಗೆ ಕಣ್ಣು ತುಂಬಿ ಬಂತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಮೀನನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವಾಗ ಮಾಸ್ತಿ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ನಾಳಿಂದ ಹುಡ್ರು ಬತ್ರು. ಆದ್ರೆ ಆ ಇನ್ನೊಂದ್ ಪದ ಇದ್ದಲಾ, ಅದನ್ನ ನೀವು ಪೂರ್ತಿ ಕಲ್ಸಿಲ್ಲ. ಕೊನಿ ಸಾಲು ಬಿಟ್ಟೀರಿ."

"ದುರ್ಗಕ್ಕ ಹೇಳಿಕೊಟ್ಟದ್ದು ಅಷ್ಟೇ. ಏನದು ಕೊನೆಯ ಸಾಲು?"

"ಈಗ ಹೇಳೂಕಾಗ್ದು. ಇದು ಬಲೆ ನೀರಿಗೆ ಇಳಿಯೂ ಕಾಲ. ಮಳಿಗಾಲ ಬರ್ಲಿ."

ಮಂದಾಕಿನಿ ಅದನ್ನು ದುರ್ಗಿಯ ಬಳಿ ಕೇಳಿದಳು. ಎಲ್ಲದಕ್ಕೂ ಮಾತು ಇರುವ ಮುದುಕಿ ಅದೊಂದಕ್ಕೆ ಮಾತ್ರ ಕಡಲ ಕಡೆ ಮುಖ ತಿರುಗಿಸಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಮುಂದಿನ ಜೂನಿನಲ್ಲಿ ದೋಣಿಗಳು ಚಪ್ಪರ ಸೇರಿದ ಮೇಲೆ, ಒಂದು ಮಳೆಯ ಬೆಳಿಗ್ಗೆ ಮಾಸ್ತಿ ಅಂಗನವಾಡಿಗೆ ಬಂದ. ಕೈಯಲ್ಲಿ ಮೀನಿನ ಬುಟ್ಟಿ ಇತ್ತು. ಮಕ್ಕಳ ನಡುವೆ ಕಷ್ಟಪಟ್ಟು ಮಂಡಿ ಮಡಚಿ ಕೂತು, ಬುಟ್ಟಿಯ ಬೆನ್ನು ಬಡಿಯುತ್ತ ಶುರುಮಾಡಿದ. ಕಪ್ಪೆ ಕೇಳಿತು, ಮೀನು ಮಾವನ ಮನೆಗೆ ಹೋಯಿತು, ಮಳೆ ಟಪ್ಪ ಟಪ್ಪಾ ಎಂದಿತು. 'ಗಂಜಿ ಉಪ್ಪಾ' ಎಂದು ಮಕ್ಕಳು ಕಿರುಚಿ ಬುಟ್ಟಿಗೆ ಕೈ ಹಾಕಿದರು.

"ತಡಿರಾ" ಎಂದ ಅವನು. "ಇನ್ನೂ ಒಂದು ಸಾಲು ಅದೆ." ಮಂದಾಕಿನಿಯ ಕಡೆ ನೋಡಲಿಲ್ಲ, ನೆಲ ನೋಡಿಕೊಂಡು ಹೇಳಿದ, "ನಮ್ಮಪ್ಪ ಸಮುದ್ರಕ್ಕೆ ಹೋಗಿ ತಿರುಗಿ ಬರದಿದ್ದ ವರ್ಷದಿಂದ ನಮ್ಮವ್ವಿ ಈ ಸಾಲು ಬಿಟ್ಟುಬಿಡ್ತು. ಅಕ್ಕನೂ ಬಿಡ್ತು. ನಂಗೆ ಮಾತ್ರ ನೆನಪದೆ."

ಆಮೇಲೆ ಗಂಟಲು ಸರಿಮಾಡಿಕೊಂಡು, ಬಿಳಿ ಮೀಸೆಯ ಆ ಮುದುಕ, ಮಗುವಿನ ರಾಗದಲ್ಲಿ ಹೇಳಿದ:

ಇಂದಿನ ಊಟಕೆ ಗಂಜಿ ಉಪ್ಪಾ,
ನಾಳೆ ಮೀನು ತರ್ತಾ ಅಪ್ಪಾ!

ಹೇಳಿ ಬುಟ್ಟಿಯನ್ನು ತನ್ನ ತಲೆಯ ಮೇಲೇ ಕವುಚಿಕೊಂಡ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬುಟ್ಟಿ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಂದಾಕಿನಿ ಯಾರನ್ನೂ ಅವನ ಹತ್ತಿರ ಹೋಗಗೊಡದೆ, ಮಕ್ಕಳನ್ನೆಲ್ಲ ತನ್ನ ಕಡೆ ತಿರುಗಿಸಿಕೊಂಡು, ಆ ಕೊನೆಯ ಸಾಲನ್ನೂ ಸೇರಿಸಿ ಪದವನ್ನು ಮೊದಲಿನಿಂದ ಹೇಳಿಸತೊಡಗಿದಳು.